ಶೆಡ್ಡಿನ ಮಕ್ಕಳು, ಶಾಲೆಯ ಹಾಜರಿ: ಬ್ರೂಕ್‌ಫೀಲ್ಡ್ ಸೀಮೆಯ ಒಂದು ಚರಿತ್ರೆ

ಓದುವ ಮಕ್ಕಳಿಗೆ ಅನ್ನ, ವಸತಿ ಒದಗಿಸುವ ಏರ್ಪಾಡುಗಳ ವಿಷಯದಲ್ಲಿ ಕರ್ನಾಟಕದ ಚರಿತ್ರೆ ಬಡವಾದುದಲ್ಲ. ವಾರಾನ್ನ, ಮಠಗಳ ದಾಸೋಹ, ಜಾತಿಸಂಘಗಳು ಕಟ್ಟಿದ ಉಚಿತ ವಿದ್ಯಾರ್ಥಿನಿಲಯ, ಸರ್ಕಾರಿ ಹಾಸ್ಟೆಲ್ಲು, ವಸತಿ ಶಾಲೆ, ಕೊನೆಗೆ ವಿದ್ಯಾರ್ಥಿಯ ಖಾತೆಗೇ ಜಮೆಯಾಗುವ ನಗದು ನೆರವು, ಹೀಗೆ ಒಂದರ ಹಿಂದೆ ಒಂದಾಗಿ ಬಂದ ಈ ಏರ್ಪಾಡುಗಳು ಪರಸ್ಪರ ಎಷ್ಟೇ ಭಿನ್ನವಾಗಿದ್ದರೂ ಅವು ಕಣ್ಣೆದುರು ಇಟ್ಟುಕೊಂಡ ವಿದ್ಯಾರ್ಥಿ ಬಹುಮಟ್ಟಿಗೆ ಒಬ್ಬನೇ: ಹಳ್ಳಿಯಲ್ಲಿ ಹೆಸರು ಹೇಳಿದರೆ ಗುರುತು ಸಿಗುವ ಮನೆಯುಳ್ಳವನು, ಓದಿಗೆಂದು ಆ ಮನೆ ಬಿಟ್ಟು ಒಂಟಿಯಾಗಿ ಪೇಟೆ ಸೇರಿದವನು, ರಜೆ ಬಂದಾಗ ಮರಳಿ ಹೋಗಲು ಊರೊಂದು ಇದ್ದವನು. ಬೆಂಗಳೂರಿನ ಪೂರ್ವಕ್ಕೆ, ಕುಂದಲಹಳ್ಳಿ ಗೇಟಿನಿಂದ ಐಟಿಪಿಎಲ್ ಕಡೆಗೆ ಹೋಗುವ ದಾರಿಯಲ್ಲಿ ಬೆಳೆದ ಬ್ರೂಕ್‌ಫೀಲ್ಡ್ ಮತ್ತು ಅದರ ನೆರೆಯ ತೂಬರಹಳ್ಳಿ, ಮುನ್ನೇಕೊಳಾಲ, ದೊಡ್ಡನೆಕ್ಕುಂದಿಗಳಲ್ಲಿ 1990ರ ದಶಕದ ಕೊನೆಯಿಂದೀಚೆಗೆ ಕಾಣಿಸಿಕೊಂಡ ಮಗುವಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದು ತಂದೆ ತಾಯಿಯ ಜೊತೆಯಲ್ಲೇ ಇದೆ. ಆದರೆ ಇಡೀ ಸಂಸಾರಕ್ಕೆ ನೆಲೆಯಾಗಿರುವುದು ಕಟ್ಟಡ ಮುಗಿದೊಡನೆ ಕಿತ್ತುಹಾಕುವ ತಗಡಿನ ಶೆಡ್ಡು. ಹಿಂದಿನ ಏರ್ಪಾಡುಗಳೆಲ್ಲ ಈ ಮಗುವಿನ ಮುಂದೆ ಏಕೆ ತಡವರಿಸಿದವು ಎಂಬುದನ್ನು ತಿಳಿಯಬೇಕಾದರೆ ಆ ಏರ್ಪಾಡುಗಳ ಹುಟ್ಟಿನಿಂದಲೇ ತೊಡಗಬೇಕಾಗುತ್ತದೆ.

ವಾರಾನ್ನವೆಂದರೆ ಬಡ ವಿದ್ಯಾರ್ಥಿಯೊಬ್ಬನಿಗೆ ವಾರದ ಏಳು ದಿನ ಏಳು ಮನೆಯವರು ಸರದಿಯಂತೆ ಊಟ ಹಾಕುವ ಪದ್ಧತಿ. ಸೋಮವಾರಕ್ಕೆ ಇಂಥ ಮನೆ, ಮಂಗಳವಾರಕ್ಕೆ ಇಂಥ ಮನೆ ಎಂದು ಮೊದಲೇ ಗೊತ್ತಾಗಿರುತ್ತಿತ್ತು. ಯಾವುದಾದರೂ ಮನೆಗೆ ಸೂತಕ ಬಂದರೆ, ಮನೆಯವರು ಪರಸ್ಥಳಕ್ಕೆ ಹೋದರೆ, ಆ ವಾರದ ಆ ದಿನ ಹುಡುಗನಿಗೆ ಉಪವಾಸ. ಮಲಗಲು ದೇವಸ್ಥಾನದ ಪ್ರಾಕಾರವೋ ಛತ್ರದ ಮೂಲೆಯೋ ಯಾರದೋ ಮನೆಯ ಜಗುಲಿಯೋ ಸಿಗುತ್ತಿತ್ತು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಓದಿ ಮುಂದೆ ಬಂದ ಎರಡು ಮೂರು ತಲೆಮಾರುಗಳ ನೆನಪಿನಲ್ಲಿ ಈ ಪದ್ಧತಿ ಹಾಸುಹೊಕ್ಕಾಗಿದ್ದು, ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ಅದರ ಅವಮಾನವೂ ಉಪಕಾರವೂ ಒಟ್ಟಿಗೇ ದಾಖಲಾಗಿವೆ. ಲೆಕ್ಕಪತ್ರ ಕೇಳದ ಒಂದು ಬಗೆಯ ಸಹಾಯಧನವೆಂದೇ ಇದನ್ನು ಪರಿಗಣಿಸಬಹುದಾದರೂ, ಅದನ್ನು ಹೊಗಳುವವರು ಎರಡು ಸಂಗತಿಗಳನ್ನು ಮರೆಯುವುದುಂಟು: ಅನ್ನ ಸಿಗುತ್ತಿದ್ದುದು ಪಂಕ್ತಿಯಲ್ಲಿ ಕೂರಿಸಬಹುದಾದ ಜಾತಿಯ ಹುಡುಗನಿಗೆ ಮಾತ್ರ, ಮತ್ತು ಅವನ ಪರವಾಗಿ ಮಾತಾಡಲು, ‘ಇವನು ಇಂಥವರ ಮಗ’ ಎಂದು ಹೇಳಲು ಪೇಟೆಯಲ್ಲಿ ಯಾರಾದರೂ ಇರಲೇಬೇಕಾಗಿತ್ತು.

ಈ ಮಿತಿಯನ್ನು ಮೀರುವ ಪ್ರಯತ್ನವಾಗಿಯೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯಾರ್ಥಿನಿಲಯಗಳು ತಲೆಯೆತ್ತಿದವು. ಬೆಂಗಳೂರಿನ ರೈಲು ನಿಲ್ದಾಣದ ಎದುರು ವರ್ತಕ ಗುಬ್ಬಿ ತೋಟದಪ್ಪನವರು 1903ರಲ್ಲಿ ತೆರೆದ ಧರ್ಮಛತ್ರ ಮತ್ತು ಅದರೊಂದಿಗೆ ಬೆಳೆದ ಉಚಿತ ವಿದ್ಯಾರ್ಥಿನಿಲಯ, 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದ ಹಾಸ್ಟೆಲ್ಲು, ಮೈಸೂರಿನಲ್ಲಿ ತಾತಯ್ಯನೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ನಡೆಸಿದ ಅನಾಥಾಲಯ, ಇವು ಹಳ್ಳಿಯ ಹುಡುಗನಿಗೆ ಪೇಟೆಯಲ್ಲಿ ಖಾಯಂ ವಿಳಾಸವನ್ನು ದೊರಕಿಸಿಕೊಟ್ಟವು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿದ್ದ ತರುಣರೊಬ್ಬರು ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾಗಿ, ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಸಾವಿರಾರು ಮಕ್ಕಳಿಗೆ ವಿಸ್ತರಿಸಿದರು. ಗೌರಿಬಿದನೂರಿನ ಕಡೆಯ ಹೊಸೂರಿನಿಂದ 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದ ಎಚ್. ನರಸಿಂಹಯ್ಯನವರು ನ್ಯಾಷನಲ್ ಹೈಸ್ಕೂಲು ಸೇರಿ ಓದು ಮುಂದುವರಿಸಲು ಸಾಧ್ಯವಾದುದೂ ಬಡ ವಿದ್ಯಾರ್ಥಿಗಳಿಗಾಗಿ ದಾನಿಗಳು ನಡೆಸುತ್ತಿದ್ದ ಇಂಥದೊಂದು ನಿಲಯದಿಂದಲೇ.

ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ಚರಿತ್ರೆ ಬೇರೆ ದಾರಿ ಹಿಡಿಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಶಾಲೆಯನ್ನೂ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನೂ ಆರಂಭಿಸಿದಾಗ, ಮಕ್ಕಳು ಶಾಲೆಗೆ ಬರಬೇಕಾದರೆ ಆ ದಿನದ ಅವರ ದುಡಿಮೆಯ ನಷ್ಟವನ್ನು ತುಂಬಿಕೊಡಬೇಕೆಂಬುದನ್ನು ಕಂಡುಕೊಂಡು, ಮಧ್ಯಾಹ್ನದ ಊಟದ ಜೊತೆಗೆ ಹಾಜರಾದವರಿಗೆ ದಿನಕ್ಕಿಷ್ಟೆಂದು ಸಣ್ಣ ಭತ್ಯೆಯನ್ನೂ ಕೊಟ್ಟರು. ಗೈರುಹಾಜರಿಯ ಬೇರು ಮಗುವಿನ ಸೋಮಾರಿತನದಲ್ಲಾಗಲಿ ಪೋಷಕರ ಅಜ್ಞಾನದಲ್ಲಾಗಲಿ ಇಲ್ಲ, ಮನೆಯ ಹೊಟ್ಟೆಪಾಡಿನಲ್ಲಿದೆ ಎಂಬ ಈ ತಿಳಿವಳಿಕೆ ಇಲಾಖೆಗಳ ಕಡತಕ್ಕೆ ಇಳಿಯಲು ನೂರು ವರ್ಷ ಹಿಡಿಯಿತು. ಮೈಸೂರು ಸಂಸ್ಥಾನದಲ್ಲಿ 1918ರ ಮಿಲ್ಲರ್ ಸಮಿತಿಯ ಶಿಫಾರಸುಗಳ ತರುವಾಯ ಹಿಂದುಳಿದವರ ವಿದ್ಯಾರ್ಥಿವೇತನಕ್ಕೆ ಬಲ ಬಂದಿತು. ದೇವರಾಜ ಅರಸರ ಆಡಳಿತದಲ್ಲಿ, 1975ರ ಹಾವನೂರ್ ವರದಿಯ ಆಸುಪಾಸಿನಲ್ಲಿ, ಸರ್ಕಾರಿ ಹಾಸ್ಟೆಲ್ಲುಗಳ ಜಾಲ ತಾಲ್ಲೂಕು ಮಟ್ಟಕ್ಕೆ ಹಬ್ಬಿತು. ಬೆಂಗಳೂರಿನ ಗೋಪಾಲಪುರದ ಹಾಸ್ಟೆಲ್ಲಿನ ಬದುಕನ್ನು ಸಿದ್ದಲಿಂಗಯ್ಯನವರು ‘ಊರುಕೇರಿ’ಯಲ್ಲಿ ಚಿತ್ರಿಸಿರುವ ಬಗೆಯನ್ನು ಬಲ್ಲವರಿಗೆ, ಆ ಕಟ್ಟಡಗಳು ಬರಿಯ ಊಟ-ನಿದ್ದೆಯ ಜಾಗಗಳಾಗಿರದೆ ಒಂದು ತಲೆಮಾರಿನ ರಾಜಕೀಯ ಪ್ರಜ್ಞೆಯನ್ನೇ ರೂಪಿಸಿದವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2013-14ರಲ್ಲಿ ಬಂದ ‘ವಿದ್ಯಾಸಿರಿ’ ಯೋಜನೆ ಈ ಪರಂಪರೆಯ ಮುಂದುವರಿಕೆ: ಹಾಸ್ಟೆಲ್ಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ವಿದ್ಯಾರ್ಥಿಗೆ ಊಟ ಮತ್ತು ವಸತಿಯ ಬಾಬ್ತು, ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ, ವರ್ಷದಲ್ಲಿ ಹತ್ತು ತಿಂಗಳು ನೆರವು. ವಿದ್ಯಾರ್ಥಿಯ ವಸತಿಗೆಂದೇ ನಗದು ಅನುದಾನ ಕೊಡುವ ಕಲ್ಪನೆ ಕರ್ನಾಟಕದಲ್ಲಿ ಇಷ್ಟು ಸ್ಪಷ್ಟವಾಗಿ ಮೂಡಿದ್ದು ಇದರಲ್ಲೇ. ಆದರೆ ಹತ್ತನೆಯ ತರಗತಿ ದಾಟಿದವರಿಗೆ ಮಾತ್ರ ಅದು ಅನ್ವಯಿಸುವುದರಿಂದ, ಎರಡನೆಯ ತರಗತಿಯಲ್ಲೇ ಶಾಲೆ ತಪ್ಪಿಹೋಗುವ ಮಗುವಿಗೆ ಅದರ ಬಾಗಿಲು ಎಂದೂ ಎದುರಾಗುವುದಿಲ್ಲ.

ಬ್ರೂಕ್‌ಫೀಲ್ಡಿನ ಸೀಮೆಗೂ ವಸತಿ ಅನುದಾನಕ್ಕೂ ಇರುವ ನಂಟು ಇದಕ್ಕಿಂತ ಹಳೆಯದು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಇಲ್ಲಿ 3,900 ಎಕರೆ ಭೂಮಿಯನ್ನು ನೀಡಿ, ನೆಲೆಯಿಲ್ಲದ ಆ ಸಮುದಾಯದ ಕುಟುಂಬಗಳು ಬೇಸಾಯ ಮಾಡಿಕೊಂಡು ನೆಲೆಸಲು ಅನುವು ಮಾಡಿಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರಿನಿಂದ ಆ ನೆಲೆ ವೈಟ್‌ಫೀಲ್ಡ್ ಎನಿಸಿತು. ಸುತ್ತಲಿನ ಕುಂದಲಹಳ್ಳಿ, ತೂಬರಹಳ್ಳಿಗಳು ಮಾತ್ರ ಕೆರೆಯ ನೀರು, ರಾಗಿ ಹೊಲ, ಸೊಪ್ಪು ತರಕಾರಿಗಳನ್ನು ನೆಚ್ಚಿದ ಊರುಗಳಾಗಿಯೇ ಉಳಿದವು.

ಇದೇ ಪೂರ್ವ ದಿಕ್ಕಿನಲ್ಲಿ, ಬ್ರೂಕ್‌ಫೀಲ್ಡಿಗೆ ಬಹಳ ದೂರವಲ್ಲದ ಕಡೆ, 1940ರಲ್ಲಿ ಎಚ್‌ಎಎಲ್ ಹಾಗೂ 1948ರಲ್ಲಿ ದೂರವಾಣಿನಗರದ ಐಟಿಐ ಕಾರ್ಖಾನೆಗಳು ಹುಟ್ಟಿದಾಗ ಉದ್ಯೋಗ, ಮನೆ, ಶಾಲೆ ಮೂರನ್ನೂ ಒಂದೇ ಕಾಂಪೌಂಡಿನೊಳಗೆ ಹೆಣೆಯುವ ಮಾದರಿಯೊಂದು ರೂಪುಗೊಂಡಿತು. ಕಾರ್ಖಾನೆಯ ಸೈರನ್ನಿಗೆ ತಂದೆ ಕೆಲಸಕ್ಕೆ ಹೊರಟರೆ, ಕ್ವಾರ್ಟರ್ಸಿನಿಂದ ಕಾಲ್ನಡಿಗೆಯ ದೂರದಲ್ಲಿದ್ದ ಶಾಲೆಗೆ ಮಕ್ಕಳು ಹೊರಡುತ್ತಿದ್ದರು. ನಿವೃತ್ತಿಯವರೆಗೆ ಮನೆ ಬದಲಾಗುತ್ತಿರಲಿಲ್ಲವಾದ್ದರಿಂದ ಶಾಲೆಯೂ ಬದಲಾಗುತ್ತಿರಲಿಲ್ಲ. ನಿವೃತ್ತರಾದವರು ಅಥವಾ ಆಗಲಿದ್ದವರು ಗೃಹನಿರ್ಮಾಣ ಸಂಘಗಳ ಮೂಲಕ ಪಡೆದ ನಿವೇಶನಗಳಿಂದ ಮುಂದೆ ಹೊಸ ಬಡಾವಣೆಗಳೇ ಹುಟ್ಟಿದವು. ಬ್ರೂಕ್‌ಫೀಲ್ಡಿನ ಬಿಇಎಂಎಲ್ ಬಡಾವಣೆಯ ಹೆಸರಿನಲ್ಲೇ ಆ ಕಾಲದ ಗುರುತಿದೆ. ಈ ಮಾದರಿಯ ಫಲ ಖಾಯಂ ನೌಕರನಿಗೆ ಮಾತ್ರ ಸಿಕ್ಕಿತು, ಗುತ್ತಿಗೆಯ ಕೂಲಿಗೆ ಸಿಗಲಿಲ್ಲ ಎಂಬ ಟೀಕೆ ನ್ಯಾಯವಾದುದೇ. ಹಾಗಿದ್ದರೂ ಕಾರ್ಮಿಕನ ಮನೆಗೂ ಅವನ ಮಗುವಿನ ಹಾಜರಿಗೂ ಇರುವ ಸಂಬಂಧವನ್ನು ಉದ್ಯೋಗದಾತನೊಬ್ಬ ತನ್ನ ಹೊಣೆಯೆಂದು ಒಪ್ಪಿಕೊಂಡ ಕಾಲ ಅದು.

1990ರ ದಶಕದಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲಿ ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶವನ್ನು ರೂಪಿಸಿದ ಮೇಲೆ, ಭಾರತ-ಸಿಂಗಪುರ ಸಹಭಾಗಿತ್ವದ ಟೆಕ್ ಪಾರ್ಕ್, ಅಂದರೆ ಜನರ ಬಾಯಲ್ಲಿ ಐಟಿಪಿಎಲ್, 1998ರಲ್ಲಿ ತೆರೆದ ಮೇಲೆ, ಹಳೆಯ ಹೆಣಿಗೆ ಬಿಚ್ಚಿಹೋಯಿತು. ಕಂಪನಿ ಕೆಲಸ ಕೊಡುತ್ತದೆ, ಮನೆಯನ್ನು ನೌಕರ ಮಾರುಕಟ್ಟೆಯಲ್ಲಿ ಹುಡುಕಿಕೊಳ್ಳುತ್ತಾನೆ, ಮಕ್ಕಳನ್ನು ಖಾಸಗಿ ಶಾಲೆಯ ಹಳದಿ ಬಸ್ಸು ಒಯ್ಯುತ್ತದೆ. ಆ ಮನೆಗಳನ್ನೂ ಶಾಲೆಗಳನ್ನೂ ಕಚೇರಿಗಳನ್ನೂ ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಜಿಲ್ಲೆಗಳಿಂದ, ಆಂಧ್ರದ ಗಡಿ ತಾಲ್ಲೂಕುಗಳಿಂದ, ತರುವಾಯ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಮುಗಳಿಂದ ಜನ ಬಂದರು. ದೊಡ್ಡ ಬಿಲ್ಡರುಗಳ ಕಾಮಗಾರಿಯ ಪಕ್ಕದಲ್ಲಿ ತಗಡಿನ ಸಾಲುಮನೆಗಳ ಲೇಬರ್ ಕಾಲೋನಿಗಳೆದ್ದವು. ಮೇಸ್ತ್ರಿಯ ಕೈಕೆಳಗೆ ಬಿಡಿಯಾಗಿ ಗಾರೆ, ಸೆಂಟ್ರಿಂಗ್ ಕೆಲಸ ಮಾಡುವವರು, ಮನೆಗೆಲಸಕ್ಕೆ ಹೋಗುವವರು, ಚಿಂದಿ ಆಯುವವರು ಖಾಲಿ ನಿವೇಶನಗಳಲ್ಲಿ ಜಮೀನಿನ ಮಾಲೀಕರಿಗೋ ಅವರ ಪರವಾಗಿ ವಸೂಲಿ ಮಾಡುವವರಿಗೋ ತಿಂಗಳ ನೆಲಬಾಡಿಗೆ ತೆತ್ತು ನೀಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡರು. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಂಡರೂ ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ: ಮೊದಲನೆಯದು ಬಿಲ್ಡರಿನ ಹೊಣೆ, ಎರಡನೆಯದು ಯಾರ ಹೊಣೆಯೂ ಅಲ್ಲ.

ಲೇಬರ್ ಕಾಲೋನಿಯ ವಿಷಯದಲ್ಲಿ ಬಿಲ್ಡರಿನ ಈ ಹೊಣೆ ಎಂಥದೆಂಬುದನ್ನು ಹಿಂದಿನ ಒಂದು ಕಾಯ್ದೆಯ ಜೊತೆಗಿಟ್ಟು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಅನ್ವಯಿಸಿದ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ತೋಟದ ಮಾಲೀಕ ಕೂಲಿಗಳಿಗೆ ಮನೆ ಒದಗಿಸಬೇಕೆಂದಿತು. ತೋಟದಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳ ಸಂಖ್ಯೆ 25ನ್ನು ಮೀರಿದರೆ ಅವರ ಶಿಕ್ಷಣಕ್ಕೂ ಮಾಲೀಕನೇ ಏರ್ಪಾಡು ಮಾಡುವಂತೆ ರಾಜ್ಯ ಸರ್ಕಾರ ನಿಯಮ ಮಾಡಬಹುದೆಂದಿತು. ಮನೆ ಮತ್ತು ಶಾಲೆ ಎರಡೂ ಒಂದೇ ಕಾಯ್ದೆಯ ಅಕ್ಕಪಕ್ಕದ ಕಲಮುಗಳಲ್ಲಿದ್ದವು. ನಲವತ್ತೈದು ವರ್ಷಗಳ ತರುವಾಯ, 1996ರಲ್ಲಿ, ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ ಬಂದಾಗ ಶಾಲೆಯ ಮಾತು ಬಿದ್ದುಹೋಯಿತು. ಆ ಕಾಯ್ದೆಯ 34ನೆಯ ಕಲಮಿನ ಪ್ರಕಾರ ಕೆಲಸ ನಡೆಯುವಷ್ಟು ಕಾಲ ಮಾಲೀಕ ಕಾರ್ಮಿಕರಿಗೆ ಅಡುಗೆ, ಸ್ನಾನ, ಶೌಚದ ಅನುಕೂಲವಿರುವ ತಾತ್ಕಾಲಿಕ ವಸತಿಯನ್ನು ಉಚಿತವಾಗಿ ಕೊಡಬೇಕಾಗಿತ್ತು. 35ನೆಯ ಕಲಮಿನ ಪ್ರಕಾರ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕಾಗಿತ್ತು. ಆರು ತುಂಬಿದ ಮಗು ಏನು ಮಾಡಬೇಕೆಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ. ಅಷ್ಟೇ ಅಲ್ಲ, ಕಾಮಗಾರಿ ಮುಗಿದ ಮೇಲೆ ಸಾಧ್ಯವಾದಷ್ಟು ಬೇಗ ಆ ವಸತಿಯನ್ನು ಮಾಲೀಕ ಸ್ವಂತ ಖರ್ಚಿನಲ್ಲಿ ಕೆಡವಿಸಿ, ನೆಲವನ್ನು ಸಮತಟ್ಟು ಮಾಡಿ ಚೊಕ್ಕಟಗೊಳಿಸಬೇಕೆಂದು ಅದೇ 34ನೆಯ ಕಲಮು ವಿಧಿಸಿತು. ಮನೆ ಕಳೆದುಕೊಳ್ಳುವುದು ಇಲ್ಲಿ ಆಕಸ್ಮಿಕವಲ್ಲ, ಶಾಸನಬದ್ಧ ವೇಳಾಪಟ್ಟಿ. ಪಾಯ ತೋಡಿದ ದಿನವೇ ಮಗುವಿನ ಮನೆಗೆ ಕೊನೆಯ ದಿನ ನಿಗದಿಯಾಗಿರುತ್ತದೆ, ಮತ್ತು ಆ ದಿನ ಶಾಲೆಯ ವಾರ್ಷಿಕ ಪರೀಕ್ಷೆಯ ದಿನಕ್ಕೆ ಹೊಂದಿಕೊಂಡು ಬರಬೇಕೆಂಬ ನಿಯಮವೇನೂ ಇಲ್ಲ.

ರಾಜ್ಯದೊಳಗಿನ ವಲಸಿಗರಿಗೆ ಇನ್ನೊಂದು ತೊಡಕಿತ್ತು. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಗುತ್ತಿಗೆದಾರನ ಮೂಲಕ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರಿಗೆ ಮಾತ್ರ ಅನ್ವಯಿಸುವಂಥದಾಗಿತ್ತು. ಕರ್ನೂಲಿನಿಂದ ಬಂದವನು ಕಾಯ್ದೆಯ ಪ್ರಕಾರ ವಲಸಿಗ. ತುಂಗಭದ್ರೆಯ ಆಚೆಯ ರಾಯಚೂರಿನಿಂದ, ಹೆಚ್ಚು ಕಡಿಮೆ ಅಷ್ಟೇ ದೂರ ಪ್ರಯಾಣ ಮಾಡಿ ಬಂದವನು ವಲಸಿಗನಲ್ಲ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಮೂರೂ ಕಾಯ್ದೆಗಳನ್ನು ತನ್ನೊಳಗೆ ಸೇರಿಸಿಕೊಂಡಿತು.

ಉತ್ತರ ಕರ್ನಾಟಕದ ಒಣಬೇಸಾಯದ ತಾಲ್ಲೂಕುಗಳಲ್ಲಿ ಸುಗ್ಗಿಯ ನಂತರ ಇಡೀ ಸಂಸಾರ ದುಡಿಮೆ ಅರಸಿ ಪರವೂರಿಗೆ ಹೋಗುವುದನ್ನು ಗುಳೆ ಎನ್ನುತ್ತಾರೆ. ಗುಳೆಯ ಪಂಚಾಂಗವೂ ಶಾಲೆಯ ಪಂಚಾಂಗವೂ ಎಲ್ಲಿಯೂ ಕೂಡಿಬರುವುದಿಲ್ಲ ಎಂಬುದೇ ಗೈರುಹಾಜರಿಯ ಅರ್ಧ ಕಥೆ. ಜೂನ್ ಆರಂಭದ ದಾಖಲಾತಿ ಆಂದೋಲನದಲ್ಲಿ ಮಗುವಿನ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕಕ್ಕೆ ಏರುತ್ತದೆ. ಮೇಸ್ತ್ರಿಯಿಂದ ಮುಂಗಡ ಪಡೆದ ಕುಟುಂಬ ದೀಪಾವಳಿ ಕಳೆದೊಡನೆ ಬೆಂಗಳೂರಿನ ಬಸ್ಸು ಹತ್ತುತ್ತದೆ. ಯುಗಾದಿಗೋ ಊರ ಜಾತ್ರೆಗೋ ಒಮ್ಮೆ ಹೋಗಿಬಂದು, ಮುಂಗಾರು ಹಿಡಿದರೆ ಬಿತ್ತನೆಗೆ ಮರಳುತ್ತದೆ, ಮಳೆ ಕೈಕೊಟ್ಟರೆ ಶೆಡ್ಡಿನಲ್ಲೇ ಉಳಿಯುತ್ತದೆ. ಊರಿನ ಶಾಲೆಯಲ್ಲಿ ನವೆಂಬರಿನಿಂದ ಆ ಹೆಸರಿನ ಮುಂದೆ ಗೈರಿನ ಗುರುತು ಸಾಲುಗಟ್ಟುತ್ತದೆ. ಬೆಂಗಳೂರಿನ ಶಾಲೆಯಲ್ಲಿ ಆ ಹೆಸರೇ ಇಲ್ಲದಿರುವುದರಿಂದ ಇಲ್ಲಿ ಅದು ಗೈರೂ ಅಲ್ಲ. ವರ್ಗಾವಣೆ ಪತ್ರ, ಅಂದರೆ ಎಲ್ಲರೂ ಟಿಸಿ ಎನ್ನುವ ಕಾಗದ, ಇಲ್ಲವೆಂದೋ ತಡವಾಯಿತೆಂದೋ ಮಗುವನ್ನು ತಿರುಗಿ ಕಳಿಸಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮು ಹೇಳುತ್ತದೆ. ವಲಸೆ ಕುಟುಂಬದ ಮಕ್ಕಳ ದಾಖಲಾತಿ ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು 9ನೆಯ ಕಲಮು ಹೇಳುತ್ತದೆ. ಆದರೆ ಜನವರಿಯಲ್ಲಿ ಬಂದು ನಿಂತ, ಎಂಟು ವರ್ಷವಾದರೂ ಅಕ್ಷರ ಕೂಡಿಸಲಾರದ, ಮನೆಯಲ್ಲಿ ಲಂಬಾಣಿಯನ್ನೋ ಬಂಗಾಳಿಯನ್ನೋ ಆಡುವ ಮಗುವನ್ನು ವಯಸ್ಸಿಗೆ ತಕ್ಕ ಮೂರನೆಯ ತರಗತಿಯಲ್ಲಿ ಕೂರಿಸಿಕೊಂಡ ಶಿಕ್ಷಕಿಗೆ ಆ ಕಲಮುಗಳಿಂದ ಒದಗುವ ಸಹಾಯ ಅಷ್ಟಕ್ಕಷ್ಟೆ.

ಕಡ್ಡಾಯ ಶಿಕ್ಷಣದ ಕಲ್ಪನೆ ಇಲ್ಲಿ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣ ಶಾಸನ ತಂದು ಆಯ್ದ ಊರುಗಳಲ್ಲಿ ಹಾಜರಿಯನ್ನು ಕಡ್ಡಾಯಗೊಳಿಸಲು ಹೊರಟಿತ್ತು. ಆ ಶಾಸನವೂ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯೂ ಶಾಲೆಯ ಸುತ್ತ ಒಂದು ಸರಹದ್ದು, ಸರಹದ್ದಿನೊಳಗೆ ಎಣಿಸಬಹುದಾದ ಮನೆಗಳು, ಮನೆಯಲ್ಲಿ ನೋಟಿಸು ಜಾರಿಮಾಡಬಹುದಾದ ಪೋಷಕ ಎಂಬ ಲೆಕ್ಕದ ಮೇಲೆ ನಿಂತಿದ್ದವು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬಂದ ಸೈಕಲ್ ಯೋಜನೆಯೂ ಗೈರುಹಾಜರಿಯನ್ನು ಮನೆಗೂ ಶಾಲೆಗೂ ನಡುವಿನ ದೂರದ ಸಮಸ್ಯೆಯೆಂದೇ ಭಾವಿಸಿತು. ಅದು ಸುಳ್ಳಲ್ಲ, ಮನೆ ಒಂದೇ ಕಡೆ ನಿಲ್ಲುವುದಾದರೆ.

ಶಾಲೆಯನ್ನೇ ಮಗುವಿನ ಹಿಂದೆ ಒಯ್ಯುವ ಪ್ರಯತ್ನವೊಂದು ನಡೆದುದು ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ. ಕೇಂದ್ರ ಮತ್ತು ರಾಜ್ಯಗಳು ಪಾಲು ಹಾಕಿ 2001ರ ಆಸುಪಾಸಿನಲ್ಲಿ ಆರಂಭಿಸಿದ ಈ ಅಭಿಯಾನದ ಅನುದಾನದಿಂದ ಕರ್ನಾಟಕದಲ್ಲಿ ‘ಚಿಣ್ಣರ ಅಂಗಳ’, ‘ಬಾ ಮರಳಿ ಶಾಲೆಗೆ’, ‘ಕೂಲಿಯಿಂದ ಶಾಲೆಗೆ’ ಎಂಬ ಹೆಸರುಗಳ ಸೇತುಬಂಧ ಶಿಬಿರಗಳು, ಅಂದರೆ ಶಾಲೆ ಬಿಟ್ಟ ಮಗುವನ್ನು ಕೆಲವು ತಿಂಗಳಲ್ಲಿ ತರಗತಿಯ ಮಟ್ಟಕ್ಕೆ ತರುವ ಪಾಠಕ್ರಮಗಳು, ನಡೆದವು. ಗುಳೆ ಹೆಚ್ಚಿರುವ ಜಿಲ್ಲೆಗಳಲ್ಲಿ ಪೋಷಕರು ಮಾತ್ರ ಹೋಗಿ ಮಕ್ಕಳು ಊರಲ್ಲೇ ಉಳಿಯುವಂತೆ ಹಂಗಾಮಿ ವಸತಿ ವ್ಯವಸ್ಥೆಗೂ ಅವಕಾಶವಾಯಿತು. ಬೆಂಗಳೂರಿನ ಕಾಮಗಾರಿ ಸ್ಥಳಗಳಲ್ಲಿ ಟೆಂಟ್ ಶಾಲೆಗಳು ಬಂದವು. ಟೆಂಟ್ ಶಾಲೆಯೆಂದರೆ ಬಿಲ್ಡರು ಬಿಟ್ಟುಕೊಟ್ಟ ಶೆಡ್ಡಿನಲ್ಲೋ ಡೇರೆಯಲ್ಲೋ ಒಬ್ಬ ಶಿಕ್ಷಕಿ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಭಾಷೆಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ನಡೆಸುವ ಏಕಕೋಣೆಯ ಶಾಲೆ. ಇದನ್ನು ಎರಡನೆಯ ದರ್ಜೆಯ ಶಿಕ್ಷಣವೆಂದು ತಳ್ಳಿಹಾಕಿದವರಿದ್ದಾರೆ; ಶಿಕ್ಷಣ ಹಕ್ಕು ಕಾಯ್ದೆಯ ಕಟ್ಟಡ, ಶಿಕ್ಷಕರ ಸಂಖ್ಯೆಗಳ ಮಾನದಂಡಕ್ಕೆ ಇಂಥ ಶಾಲೆ ನಿಲ್ಲುವುದಿಲ್ಲವೆಂಬುದೂ ನಿಜ. ಆದರೆ ಈ ಚರಿತ್ರೆಯುದ್ದಕ್ಕೂ ಮಗು ಚಲಿಸುತ್ತದೆ, ನೆರವು ನಿಂತಲ್ಲೇ ನಿಲ್ಲುತ್ತದೆ ಎಂಬ ಸ್ಥಿತಿಯನ್ನು ತಿರುಗಿಸಿ ನೋಡಿದ ಏಕೈಕ ಸರ್ಕಾರಿ ಕಲ್ಪನೆ ಇದೇ ಎಂಬುದನ್ನು ಅಲ್ಲಗಳೆಯಲಾಗದು. ಅದರ ದೌರ್ಬಲ್ಯವಿದ್ದುದು ತಗಡಿನ ಗೋಡೆಯಲ್ಲಲ್ಲ, ಹಣದ ಸ್ವರೂಪದಲ್ಲಿ: ಅನುದಾನ ಮಂಜೂರಾಗುತ್ತಿದ್ದುದು ವರ್ಷದ ಲೆಕ್ಕದಲ್ಲಿ, ಮೊದಲೇ ಸಮೀಕ್ಷೆಯಾದ ಮಕ್ಕಳ ಸಂಖ್ಯೆಗೆ ಸರಿಯಾಗಿ, ಹಣ ಕೈಸೇರುವ ಹೊತ್ತಿಗೆ ಎಣಿಸಿದ ಮಕ್ಕಳು ಬೇರೆ ಕಾಮಗಾರಿಗೆ ಹೋಗಿ, ಎಣಿಸದ ಮಕ್ಕಳು ಅಲ್ಲಿಗೆ ಬಂದಿರುವುದು ಸಾಮಾನ್ಯವಾಗಿತ್ತು.

ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿಯೊಂದನ್ನು ಆಧರಿಸಿ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಾಗ, ಯಾರನ್ನು ‘ಹೊರಗುಳಿದ ಮಗು’ ಎನ್ನಬೇಕೆಂಬ ಪ್ರಶ್ನೆಯೇ ಮೊದಲು ಎದುರಾಯಿತು. ಅಲ್ಲಿಯವರೆಗೆ ಸತತ 60 ದಿನ ಬಾರದಿದ್ದ ಮಗುವನ್ನು ಮಾತ್ರ ಹಾಗೆ ಪರಿಗಣಿಸುವ ರೂಢಿಯಿತ್ತು. ಬ್ರೂಕ್‌ಫೀಲ್ಡಿನ ಶೆಡ್ಡಿನಲ್ಲಿ 60 ದಿನವೆಂದರೆ ಒಂದು ಕುಟುಂಬ ಬಂದು, ದುಡಿದು, ಹೊರಟುಹೋಗಲು ಸಾಕಾಗುವಷ್ಟು ಕಾಲ. ಈ ಮೊಕದ್ದಮೆಯ ಫಲವಾಗಿ ಅವಧಿಯನ್ನು ಏಳು ದಿನಕ್ಕೆ ಇಳಿಸಲಾಯಿತು. ಸಕಾರಣವಿಲ್ಲದೆ ಏಳು ದಿನ ಸತತವಾಗಿ ಬಾರದ ಮಗುವಿನ ವಿಷಯದಲ್ಲಿ ಮುಖ್ಯ ಶಿಕ್ಷಕರು ವಿಚಾರಣೆ ಆರಂಭಿಸಿ, ಹಾಜರಾತಿ ಪ್ರಾಧಿಕಾರವೆಂದು ಗೊತ್ತುಮಾಡಿದ ಅಧಿಕಾರಿಗೆ ತಿಳಿಸುವ ಕ್ರಮ ಬಂತು. ಒಂದು ಸಂಖ್ಯೆಯ ಬದಲಾವಣೆ ಸಣ್ಣದೆನಿಸಬಹುದು. ಆದರೆ ಗೈರುಹಾಜರಿಯನ್ನು ಶಿಕ್ಷಿಸಬೇಕಾದ ತಪ್ಪೆಂದು ಕಾಣದೆ, ಬೇಗ ಗುರುತಿಸಬೇಕಾದ ಸಂಕಟವೆಂದು ಕಾಣುವ ಕಡೆಗೆ ಕರ್ನಾಟಕದ ಆಡಳಿತ ಇಟ್ಟ ಗಟ್ಟಿ ಹೆಜ್ಜೆ ಅದು.

ಇದೇ ಪ್ರಶ್ನೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನ ಎದುರಿಸಿದ ರೀತಿಯನ್ನು ಹೋಲಿಸಿ ನೋಡುವುದು ಉಪಯುಕ್ತ. 1987ರ ಮೆಕಿನ್ನಿ-ವೆಂಟೊ ಕಾಯ್ದೆ ರಾತ್ರಿ ಕಳೆಯಲು ಸ್ಥಿರವೂ ನಿಯತವೂ ತಕ್ಕುದೂ ಆದ ಜಾಗವಿಲ್ಲದ ಮಕ್ಕಳನ್ನು ಮನೆಯಿಲ್ಲದವರೆಂದು ಗುರುತಿಸುತ್ತದೆ. ನೆಂಟರ ಮನೆಯಲ್ಲೋ ಮೋಟೆಲಿನಲ್ಲೋ ತಾತ್ಕಾಲಿಕವಾಗಿ ತಂಗಿರುವ ಮಗುವೂ ಈ ವ್ಯಾಖ್ಯೆಯೊಳಗೆ ಬರುತ್ತದೆ. ವಾಸದ ಪುರಾವೆ ಕೇಳದೆ ದಾಖಲಿಸಿಕೊಳ್ಳುವುದು, ಕುಟುಂಬ ಬೇರೆ ಕಡೆ ಹೋದರೂ ಮಗು ಮೊದಲಿನ ಶಾಲೆಯಲ್ಲೇ ಓದು ಮುಂದುವರಿಸಲು ಸಾರಿಗೆ ಒದಗಿಸುವುದು, ಪ್ರತಿ ಶಾಲಾ ಜಿಲ್ಲೆಯಲ್ಲೂ ಇದಕ್ಕಾಗಿಯೇ ಒಬ್ಬ ಸಂಪರ್ಕಾಧಿಕಾರಿಯನ್ನು ನೇಮಿಸುವುದು, ಈ ಕೆಲಸಗಳಿಗೆ ಕೇಂದ್ರ ಸರ್ಕಾರ ರಾಜ್ಯಗಳ ಮೂಲಕ ಅನುದಾನ ಕೊಡುತ್ತದೆ. ಶಾಲಾ ದಿನಗಳಲ್ಲಿ ನೂರಕ್ಕೆ ಹತ್ತರಷ್ಟು ತಪ್ಪಿಸಿಕೊಂಡ ಮಗುವನ್ನು ದೀರ್ಘಕಾಲಿಕ ಗೈರುಹಾಜರಿಯ ಮಗುವೆಂದು ಅಲ್ಲಿ ಎಣಿಸುವುದು ಬಳಕೆ. ಕಿರಿಯ ಪ್ರಾಥಮಿಕ ತರಗತಿಗಳಿಗೆ 200, ಹಿರಿಯ ತರಗತಿಗಳಿಗೆ 220 ಎಂದು ನಮ್ಮ ಶಿಕ್ಷಣ ಹಕ್ಕು ಕಾಯ್ದೆ ನಿಗದಿ ಮಾಡಿದ ಕೆಲಸದ ದಿನಗಳಿಗೆ ಈ ಅಳತೆಯನ್ನು ಹಿಡಿದರೆ, 20ರಿಂದ 22 ದಿನದ ಗೈರೇ ಎಚ್ಚರಿಕೆಯ ಗಂಟೆ. ದೀಪಾವಳಿಯಿಂದ ಮುಂಗಾರಿನವರೆಗಿನ ಒಂದು ಗುಳೆ ಇದನ್ನು ನಾಲ್ಕೈದು ಪಟ್ಟು ಮೀರಿಹೋಗುತ್ತದೆ. ಅಮೆರಿಕದ ಏರ್ಪಾಡನ್ನು ಆದರ್ಶವೆಂದು ಹೊಗಳುವ ಅಗತ್ಯವಿಲ್ಲ, ಅಲ್ಲಿಯೂ ಮನೆಯಿಲ್ಲದ ಮಕ್ಕಳು ಲಕ್ಷಗಟ್ಟಲೆ ಇದ್ದಾರೆ. ವಸತಿಯನ್ನೂ ಹಾಜರಿಯನ್ನೂ ಒಂದೇ ಅನುದಾನದ ತಲೆಬರಹದಡಿ ತಂದುದು ಮಾತ್ರ ಗಮನಿಸತಕ್ಕ ಸಂಗತಿ. ಕರ್ನಾಟಕದಲ್ಲಿ ಮೊದಲನೆಯದು ಕಾರ್ಮಿಕ ಇಲಾಖೆಯದು, ಎರಡನೆಯದು ಶಿಕ್ಷಣ ಇಲಾಖೆಯದು.

2020ರ ಜನವರಿಯಲ್ಲಿ ಮಾರತ್ತಹಳ್ಳಿ ಆಚೆಯ ಕರಿಯಮ್ಮನ ಅಗ್ರಹಾರ ಮತ್ತು ನೆರೆಯ ಕಡೆಗಳಲ್ಲಿ ನೂರಾರು ಗುಡಿಸಲುಗಳನ್ನು ಕೆಡವಿದ ಘಟನೆ ಈ ಎರಡು ಇಲಾಖೆಗಳ ನಡುವಿನ ಬಿರುಕನ್ನು ಬಯಲು ಮಾಡಿತು. ಅಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗರೆಂಬ ಆರೋಪದ ಬೆನ್ನಲ್ಲಿ ಈ ತೆರವು ನಡೆದರೂ, ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕುಟುಂಬಗಳೂ ಈಶಾನ್ಯ ರಾಜ್ಯಗಳವರೂ ಇದ್ದು, ಅನೇಕರು ಆಧಾರ್, ಮತದಾರರ ಚೀಟಿಗಳನ್ನು ಹಿಡಿದು ತೋರಿಸಿದರು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆ ನಡೆಸಿದ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ನೇತೃತ್ವದ ಪೀಠ ಈ ಕ್ರಮವನ್ನು ಒಪ್ಪದೆ, ನೆಲೆ ಕಳೆದುಕೊಂಡವರ ಪುನರ್ವಸತಿಯ ಹೊಣೆ ಸರ್ಕಾರದ್ದೆಂದಿತು. ಶೈಕ್ಷಣಿಕ ವರ್ಷದ ನಡುವೆ, ಪರೀಕ್ಷೆಗೆ ಎರಡು ತಿಂಗಳಿರುವಾಗ ನಡೆದ ಈ ತೆರವು ಎಷ್ಟು ಮಕ್ಕಳ ಶಾಲೆ ತಪ್ಪಿಸಿತೆಂಬ ಪ್ರಶ್ನೆ ಸಾರ್ವಜನಿಕ ಚರ್ಚೆಯ ಅಂಚಿಗೂ ಬರಲಿಲ್ಲ. ಚರ್ಚೆಯೆಲ್ಲ ಪೌರತ್ವದ ಸುತ್ತಲೇ ತಿರುಗಿತು. ಅದಾಗಿ ಎರಡು ತಿಂಗಳಿಗೆ ಲಾಕ್‌ಡೌನ್ ಬಂದು ಶೆಡ್ಡುಗಳೇ ಬರಿದಾದವು. ಆ ವರ್ಷ ಆಗಸ್ಟಿನಲ್ಲಿ ಶಿಕ್ಷಕರೇ ಮಕ್ಕಳಿರುವ ಕಡೆಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಹೇಳುವ ‘ವಿದ್ಯಾಗಮ’ ಆರಂಭವಾಗಿ, ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ನಿಂತುಹೋಯಿತು. ಟೆಂಟ್ ಶಾಲೆಯ ಕಲ್ಪನೆ ಇನ್ನೊಂದು ವೇಷದಲ್ಲಿ ಕೆಲವು ವಾರಗಳ ಮಟ್ಟಿಗೆ ಇಡೀ ರಾಜ್ಯದ ನೀತಿಯಾಗಿತ್ತೆಂಬುದು ಚರಿತ್ರೆಯ ಒಂದು ವಿಚಿತ್ರ.

ಹಣದ ಕೊರತೆಯಿಂದಲೇ ಈ ಸಮಸ್ಯೆ ಉಳಿದಿದೆಯೆನ್ನಲು ಬರುವಂತಿಲ್ಲ. 2014ರ ಏಪ್ರಿಲಿನಿಂದ ಜಾರಿಯಾದ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು, ಅದರಲ್ಲೂ ತಾವಿರುವ ಸ್ಥಳಕ್ಕೆ ಆದ್ಯತೆ ಕೊಡಬೇಕು. ಶಿಕ್ಷಣ ಅಂಥ ಕಾರ್ಯಗಳ ಪಟ್ಟಿಯಲ್ಲಿ ಮುಂಚೂಣಿಯಲ್ಲಿದೆ. ವೈಟ್‌ಫೀಲ್ಡ್ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಇಂಥ ಹಣದಿಂದ ಬಂದ ಡೆಸ್ಕು, ಕಂಪ್ಯೂಟರ್ ಕೋಣೆ, ಶೌಚಾಲಯ, ಗೋಡೆಚಿತ್ರಗಳು ಕಾಣಸಿಗುತ್ತವೆ. ಈ ಹಣಕ್ಕೆ ಕಟ್ಟಡವೆಂದರೆ ಪ್ರೀತಿ. ಫಲಕ ಹಾಕಲು ಗೋಡೆ ಬೇಕಲ್ಲ. ಇನ್ನೊಂದು ಹಣ ಇದಕ್ಕಿಂತ ದೊಡ್ಡದು, ಮತ್ತು ಶೆಡ್ಡಿಗೆ ಹೆಚ್ಚು ಹತ್ತಿರದ್ದು. 1996ರ ಕಾಯ್ದೆಯೊಂದಿಗೆ ಬಂದ ಸೆಸ್ ನಿಯಮದಂತೆ ಪ್ರತಿ ದೊಡ್ಡ ಕಟ್ಟಡದ ನಿರ್ಮಾಣ ವೆಚ್ಚದ ನೂರಕ್ಕೆ ಒಂದರಷ್ಟು ಹಣ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸಂದಾಯವಾಗುತ್ತ ಬಂದಿದೆ. ನೂರು ಕೋಟಿಯ ವಸತಿ ಸಮುಚ್ಚಯವೊಂದು ಎದ್ದರೆ ಒಂದು ಕೋಟಿ. 2007ರಿಂದ ಕೆಲಸ ಮಾಡುತ್ತಿರುವ ಕರ್ನಾಟಕದ ಮಂಡಳಿಯಲ್ಲಿ ಹೀಗೆ ಸೇರಿದ ಮೊತ್ತ ಸಾವಿರಾರು ಕೋಟಿ. ದೇಶದಾದ್ಯಂತ ಈ ಹಣ ಖರ್ಚಾಗದೆ ಉಳಿದಿರುವುದನ್ನು ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು.

ಮಂಡಳಿ ಕಾರ್ಮಿಕರ ಮಕ್ಕಳಿಗೆ ಕೊಡುವ ಶೈಕ್ಷಣಿಕ ನೆರವಿನ ಹೆಸರು ‘ಕಲಿಕಾ ಭಾಗ್ಯ’. ಇದರ ಮೊತ್ತಗಳನ್ನು 2023ರಲ್ಲಿ ಇಳಿಸಿದಾಗ ಕಾರ್ಮಿಕ ಸಂಘಟನೆಗಳು ಬೀದಿಗಿಳಿದವು, ಮತ್ತು ವಿವಾದ ಬಹುತೇಕ ಎಷ್ಟು ಕೊಡಬೇಕೆಂಬುದರ ಸುತ್ತ ನಡೆಯಿತು. ಯಾರ ಕೈಗೆ ತಲುಪುತ್ತದೆಂಬುದು ಅಷ್ಟೇ ಮುಖ್ಯವಾದ ವಿಷಯ. ತಂದೆ ಅಥವಾ ತಾಯಿ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದೃಢೀಕರಣ ಪಡೆದು ಮಂಡಳಿಯ ಕಾರ್ಡು ಮಾಡಿಸಿರಬೇಕು, ಕಾಲಕಾಲಕ್ಕೆ ಅದನ್ನು ನವೀಕರಿಸಿರಬೇಕು, ಮಗು ಶಾಲೆಯಲ್ಲಿ ಓದುತ್ತಿರುವುದಕ್ಕೆ ದಾಖಲೆ ಇರಬೇಕು. ಹಿಂದಿನ ಮೂರು ಕಾಮಗಾರಿಗಳಲ್ಲಿ ಮೂವರು ಮೇಸ್ತ್ರಿಗಳ ಕೈಕೆಳಗೆ ದುಡಿದ ಹೆಂಗಸಿಗೆ ಮೊದಲನೆಯದು ಕಷ್ಟ, ಅವಳ ಮಗುವಿಗೆ ಕೊನೆಯದು ಕಷ್ಟ. ಶಾಲೆಯಲ್ಲಿ ಈಗಾಗಲೇ ಗಟ್ಟಿಯಾಗಿ ಕೂತ ಮಗುವಿಗೆ ಬಹುಮಾನವಾಗಿ ಸಲ್ಲುವ ಈ ನೆರವಿಗೂ, ಶಾಲೆಗೆ ಬಂದ ದಿನದ ಲೆಕ್ಕದಲ್ಲಿ ಅಂದಂದೇ ಮಗುವಿನ ಕೈಗೆ ಭತ್ಯೆ ಇಟ್ಟ ಕುದ್ಮುಲ್ ರಂಗರಾಯರ ಕ್ರಮಕ್ಕೂ ಇರುವ ಅಂತರ ನೂರಿಪ್ಪತ್ತು ವರ್ಷಗಳ ಕಾಲದ ಅಂತರ ಮಾತ್ರವಲ್ಲ. ಕುಂದಲಹಳ್ಳಿಯ ಮೇಲೆ ಹಾದುಹೋಗುವ ಮೆಟ್ರೊ ಮಾರ್ಗ 2023ರ ಮಾರ್ಚಿನಲ್ಲಿ ತೆರೆದ ಮೇಲೆ ಬ್ರೂಕ್‌ಫೀಲ್ಡಿನಲ್ಲಿ ಖಾಲಿ ನಿವೇಶನಗಳು ಇನ್ನಷ್ಟು ಕಡಿಮೆಯಾಗಿ, ಹೊಸ ಕಾಮಗಾರಿಗಳು ವರ್ತೂರು, ಗುಂಜೂರು, ಹೊಸಕೋಟೆಯ ದಿಕ್ಕಿಗೆ ಸರಿಯುತ್ತಿವೆ. ಶೆಡ್ಡುಗಳೂ ಅದೇ ದಿಕ್ಕಿಗೆ ಹೊರಟಿವೆ. ಸೆಸ್ಸಿನ ಹಣ ಮಾತ್ರ ಕಟ್ಟಡ ಎಲ್ಲಿ ಎದ್ದರೂ ಬೆಂಗಳೂರಿನ ಒಂದೇ ಖಾತೆಗೆ ಬಂದು ಸೇರುತ್ತದೆ.